ಗುಂಡಿ ಡಬ್ಬಿಯೊಳಗಿನ ಮಾತುಗಳು

ಹನ್ನೊಂದನೇ ನಂಬರ್ ಬಸ್ಸಿನ ಕಂಡಕ್ಟರನಿಗೆ ದೇವರು ಕೊಟ್ಟದ್ದು ಗಂಟಲಲ್ಲ, ಧ್ವನಿವರ್ಧಕ. ಇಪ್ಪತ್ತೆಂಟು ವರ್ಷ ಅದೇ ಬಸ್ಸಿನ ಬಾಗಿಲಲ್ಲಿ ನಿಂತು ‘ಆಸ್ಪತ್ರೆ, ಸೇತುವೆ, ಮಾರ್ಕೆಟ್’ ಎಂದು ಕೂಗಿದ ಮನುಷ್ಯ. ಅರಳು ಹುರಿದ ಹಾಗೆ ಮಾತು. ಟಿಕೆಟ್ ಹರಿಯುತ್ತಲೇ ಅಜ್ಜಿಯ ಮಂಡಿನೋವು ವಿಚಾರಿಸುವನು, ಹುಡುಗಿಯ ಪರೀಕ್ಷೆಯ ಸುದ್ದಿ ಕೇಳುವನು, ಇಳಿಯುವವರ ಕೊಡೆ ನೆನಪಿಸುವನು. ಮನೆಗೆ ಬಂದ ಮೇಲಾದರೂ ಬಾಯಿಗೆ ಬಿಡುವು ಕೊಡುತ್ತಿದ್ದನೇ? ಎಲ್ಲಿಂದ ಬರಬೇಕು! ಬೀದಿಯ ತಿರುವಿನಲ್ಲಿರುವಾಗಲೇ ‘ಗುಬ್ಬೀ’ ಎಂದು ಕೂಗು ಹಾಕುತ್ತಿದ್ದ. ಅದು ಹೆಂಡತಿಗೆ ಅವನಿಟ್ಟ ಹೆಸರು. ಆಳು ಚಿಕ್ಕದು, ಬ್ರೆಡ್ಡನ್ನು ಚೂರು ಚೂರು ಮಾಡಿ ಹೆಕ್ಕಿ ತಿನ್ನುತ್ತಾಳೆ ಎಂದು ಮದುವೆಯಾದ ವಾರದಲ್ಲೇ ಇಟ್ಟದ್ದು. ಅವಳ ನಿಜವಾದ ಹೆಸರನ್ನು ಅವನು ಆಮೇಲೆ ಕರೆದದ್ದೇ ಇಲ್ಲ.

ಗುಬ್ಬಿ ಬಟ್ಟೆ ಹೊಲಿಯುವವಳು. ಮುಂದಿನ ಕೋಣೆಯ ಕಿಟಕಿಗೆ ಒತ್ತಿಕೊಂಡು ಅವಳ ಮೆಷಿನ್ನು, ಅದರ ಮೇಲೆ ಟೇಪು, ಸೀಮೆಸುಣ್ಣ, ಗುಂಡಿಗಳ ತಗಡಿನ ಡಬ್ಬಿ. ಹರಿದ ಅಂಗಿ ಎಸೆಯುವ ಮೊದಲು ಅದರ ಗುಂಡಿ ಕಿತ್ತು ಡಬ್ಬಿಗೆ ಹಾಕುವಳು. ಅಂಗೈ ಅಗಲದ ಚಿಂದಿಯೂ ಅವಳ ಕೈಯಿಂದ ಕಸಕ್ಕೆ ಹೋದದ್ದಿಲ್ಲ. ಯಾವುದಕ್ಕಾದರೂ ಬೇಕಾಗುತ್ತೆ ಎನ್ನುವುದು ಅವಳ ಖಾಯಂ ಮಾತು.

ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಡುವ ಮುನ್ನ ಕಂಡಕ್ಟರ್ ಊಟದ ಮೇಜಿನ ಮುಂದೆ ಕೂತು ಬೈಬಲ್ಲಿನಿಂದ ಒಂದು ಭಾಗ ಓದುತ್ತಿದ್ದ. ಆಮೇಲೆ ಪ್ರಾರ್ಥನೆ. ಅದೂ ಬಸ್ಸಿನ ಗಂಟಲಲ್ಲೇ. ದೇವರು ಕೊನೆಯ ಸೀಟಿನಲ್ಲಿ ಕೂತಿದ್ದಾನೇನೋ ಅನ್ನಬೇಕು. ದೇವರ ಜೊತೆ ಮಾತಾಡುವ ಕೆಲಸ ಆ ಮನೆಯಲ್ಲಿ ಅವನದು. ಗುಬ್ಬಿ ಕಣ್ಣು ಮುಚ್ಚಿ ಕೂತಿದ್ದು, ಕೊನೆಗೆ ಒಂದು ಆಮೆನ್ ಸೇರಿಸಿ, ಟೀ ಲೋಟ ಎತ್ತಿಡುತ್ತಿದ್ದಳು.

ಹಾಗೆ ಓದುತ್ತಿದ್ದವನು ಒಂದು ಬೆಳಿಗ್ಗೆ ನಡುವೆಯೇ ನಿಂತುಬಿಟ್ಟ. ಕನ್ನಡಕಕ್ಕೆ ಮಂಜು ಬಂತೇನೋ ಎಂದು ಗುಬ್ಬಿ ಕಣ್ಣು ತೆರೆದರೆ, ಅವನ ಬಾಯಿ ಒಂದು ಕಡೆಗೆ ಜಾರಿತ್ತು. ಬಲಗೈ ಮೇಜಿನ ಮೇಲೆ ಯಾರದೋ ವಸ್ತುವಿನ ಹಾಗೆ ಬಿದ್ದಿತ್ತು. ಐದು ವಾರ ಆಸ್ಪತ್ರೆ. ಕಾಲು ಬಂತು, ಕೈ ಅರ್ಧ ಬಂತು. ಮಾತು ಬರಲಿಲ್ಲ. ಹೇಳಿದ್ದೆಲ್ಲ ಅವನಿಗೆ ಅರ್ಥವಾಗುತ್ತಿತ್ತು, ಉತ್ತರ ಕೊಡಲು ಬಾಯಿ ತೆರೆದರೆ ಬರೀ ಉಸಿರು. ಅಷ್ಟು ದೊಡ್ಡ ಗಂಟಲು ಸುಮ್ಮನಾದ ಮೇಲೆ ಆ ಮನೆಯಲ್ಲಿ ಗಡಿಯಾರದ ಸದ್ದು ಕೇಳಿಸತೊಡಗಿತು. ಮೂವತ್ತು ವರ್ಷದಲ್ಲಿ ಅದು ಟಿಕ್ ಟಿಕ್ ಅನ್ನುತ್ತದೆಂದು ಗುಬ್ಬಿಗೆ ಗೊತ್ತೇ ಇರಲಿಲ್ಲ.

ಮನೆಗೆ ಬಂದ ಹತ್ತನೇ ದಿನ, ಬೆಳಗಿನ ಟೀ ಹೊತ್ತಿಗೆ, ಅವನು ಸ್ಪಷ್ಟವಾಗಿ ‘ಸಾಬೂನು’ ಅಂದ.

ಗುಬ್ಬಿ ಥಟ್ಟನೆ ಎದ್ದಳು. ಬಚ್ಚಲಿಗೆ ಓಡಿ ಸಾಬೂನು ತಂದು ಕೊಟ್ಟಳು. ಅವನು ಸಾಬೂನನ್ನೂ ಅವಳನ್ನೂ ನೋಡಿ, ಇದು ಯಾಕೆ ಅನ್ನುವ ಹಾಗೆ ಹುಬ್ಬೇರಿಸಿದ. ಇಬ್ಬರೂ ನಕ್ಕರು. ಮಾರನೆಯ ಬೆಳಿಗ್ಗೆ ‘ಕಿಟಕಿ.’ ಅದರ ಮರುದಿನ ‘ಏಣಿ.’ ಆ ಮನೆಯಲ್ಲಿ ಏಣಿಯೇ ಇರಲಿಲ್ಲ. ದಿನಕ್ಕೆ ಒಂದೇ ಮಾತು, ಅದೂ ಬೆಳಿಗ್ಗೆ. ಸಂಜೆಯತನಕ ನಾಲಗೆಯ ಮೇಲೆ ಇರುತ್ತಿತ್ತು, ಮರುದಿನ ಎದ್ದರೆ ಮಾಯ.

ಅವಳಿಗೆ ಬೇಕಾದದ್ದು ಸಾಬೂನಲ್ಲ, ಏಣಿಯಲ್ಲ. ಅವನು ಒಂದೇ ಒಂದು ಸಲ ‘ಗುಬ್ಬೀ’ ಅನ್ನಬೇಕು. ಅದೊಂದನ್ನು ಕೇಳದೆ ಅವಳ ಜೀವಕ್ಕೆ ಸಮಾಧಾನವಿರಲಿಲ್ಲ.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಟೀಚರಮ್ಮ ಮೊದಲೇ ಹೇಳಿದ್ದರು. “ಬಂದ ಮಾತನ್ನ ಅವತ್ತು ಬಳಸಿ ಅಮ್ಮ. ಬಾಯಿಪಾಠ ಮಾಡಿಸ್ಬೇಡಿ. ಪರೀಕ್ಷೆ ಅಂತೂ ಬೇಡವೇ ಬೇಡ.”

ಗುಬ್ಬಿ ತಲೆಯಾಡಿಸಿ ಬಂದಳು. ಆದರೆ ಗುಂಡಿ ಕೂಡಿಡುವ ಕೈ ಅದು, ಸುಮ್ಮನಿರುತ್ತದೆಯೇ? ದಿನದ ಮಾತನ್ನು ಚೀಟಿಯಲ್ಲಿ ಬರೆದು ಗುಂಡಿ ಡಬ್ಬಿಗೆ ಹಾಕತೊಡಗಿದಳು. ಸಂಜೆ ಹೊಲಿಗೆ ಮುಗಿಸಿ ಡಬ್ಬಿಯನ್ನು ಮೇಜಿನ ಮೇಲೆ ಸುರಿದು, ಗುಂಡಿಗಳ ನಡುವಿನಿಂದ ಚೀಟಿ ಹೆಕ್ಕಿ ಅವನ ಮುಂದೆ ಹಿಡಿಯುವಳು. ಇವೆಲ್ಲ ಗಟ್ಟಿಯಾಗಿ ನಿಂತರೆ, ಇವುಗಳ ಹಿಂದೆಯೇ ತನ್ನ ಹೆಸರೂ ಬಂದೀತು. ಬಂದರೆ ಮತ್ತೆ ಹೋಗದಂತೆ ಹಿಡಿದಿಟ್ಟುಕೊಳ್ಳಬಹುದು. ಇದು ಅವಳ ಲೆಕ್ಕಾಚಾರ.

“ಇದೇನು ಹೇಳಿ. ಸೋಮವಾರ ಹೇಳಿದ್ರಲ್ಲ, ಕಿ... ಕಿ...”

ಅವನ ಹಣೆಯಲ್ಲಿ ಬೆವರು ಮೂಡುತ್ತಿತ್ತು. ಬಾಯಿ ತೆರೆಯುವನು, ಮುಚ್ಚುವನು, ಗುಂಡಿಯೊಂದನ್ನು ಬೆರಳಲ್ಲಿ ತಿರುಗಿಸುತ್ತಾ ಕೂರುವನು. ಅವಳು ಮಾತ್ರ ಹಿಡಿದ ಪಟ್ಟು ಬಿಡುವವಳಲ್ಲ.

ನಲವತ್ತಮೂರು ಚೀಟಿಗಳಾದ ವಾರ ಅವನನ್ನು ಟೀಚರಮ್ಮನ ಬಳಿ ಕರೆದುಕೊಂಡು ಹೋಗುವ ದಿನ ಬಂತು. ಹನ್ನೊಂದನೇ ನಂಬರ್ ಬಸ್ಸಿನಲ್ಲೇ ಹೋದರು. ಹೊಸ ಕಂಡಕ್ಟರ್ ಎದ್ದು ಬಂದು ಕೈಹಿಡಿದು ಕೂರಿಸಿದ. ಆಸ್ಪತ್ರೆಯಲ್ಲಿ ಗುಬ್ಬಿ ಚೀಲದಿಂದ ಡಬ್ಬಿ ತೆಗೆದು, ಮದುವೆ ಬಟ್ಟೆ ಹರಡುವವಳ ಹಾಗೆ ಚೀಟಿಗಳನ್ನು ಮೇಜಿನ ತುಂಬ ಹರಡಿದಳು. ಟೀಚರಮ್ಮ “ಬೇಡ ಅಮ್ಮ” ಅನ್ನುವಷ್ಟರಲ್ಲಿ “ಹೇಳ್ತಾರೆ ನೋಡಿ, ಹೇಳ್ತಾರೆ” ಎಂದಳು.

ಅವನು ಆ ಚೀಟಿಗಳನ್ನು ನೋಡಿದ. ನೋಡುತ್ತಲೇ ಇದ್ದ. ನಲವತ್ತಮೂರರಲ್ಲಿ ಒಂದೂ ಬರಲಿಲ್ಲ. ಕೊನೆಗೆ ಕಣ್ಣಿಂದ ನೀರು ಇಳಿಯಿತು, ಒರೆಸಿಕೊಳ್ಳಲು ಬಲಗೈ ಎತ್ತಲಾಗಲಿಲ್ಲ.

ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ಗುಬ್ಬಿಯ ಬಾಯಿಂದ ಬರಬಾರದ ಮಾತು ಬಂತು. “ಏಣಿ, ಬಕೆಟ್ಟು, ಸಾಬೂನು, ಎಲ್ಲ ಬರುತ್ತೆ ನಿಮಗೆ. ನನ್ನೊಬ್ಬಳನ್ನ ಕರೆಯೋಕೆ ಮಾತ್ರ ಬಾಯಿ ಇಲ್ಲ.” ಆಡಿದ ಕೂಡಲೇ ನಾಲಗೆ ಕಚ್ಚಿಕೊಂಡಳು. ಅವನು ಗೋಡೆಯ ಕಡೆಗೆ ಮುಖ ತಿರುಗಿಸಿದ್ದ.

ಮರುದಿನ ಬೆಳಿಗ್ಗೆ ಮಾತು ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೇ ದಿನ ಟೀ ಆರಿ ತಣ್ಣಗಾದರೂ ಅವನು ತಲೆ ಎತ್ತಲಿಲ್ಲ. ಇದ್ದ ಒಂದು ಮಾತನ್ನೂ ಗುಬ್ಬಿ ತಾನೇ ಕೈಯಾರೆ ಕಳೆದಿದ್ದಳು. ಯಾರ ಮೇಲೆ ಸಿಟ್ಟು ಮಾಡುವುದು? ಎದುರಿಗೆ ಸಿಕ್ಕಿದ್ದು ಶೆಲ್ಫಿನ ಮೇಲಿದ್ದ ಬೈಬಲ್. ಅವನು ಬಿದ್ದ ದಿನದಿಂದ ಅದನ್ನು ಯಾರೂ ತೆರೆದಿರಲಿಲ್ಲ. ದೇವರೇ, ನಮ್ಮನ್ನು ಎಲ್ಲಿಗೆ ತಂದು ನಿಲ್ಲಿಸಿದೆಯೋ ನೋಡಿಯೇ ಬಿಡುತ್ತೇನೆ ಎಂದು, ಭಕ್ತಿಗಿಂತ ಹೆಚ್ಚು ಜಗಳಕ್ಕೇ ಅದನ್ನು ಇಳಿಸಿ, ಅವನ ಓದು ನಿಂತಿದ್ದಲ್ಲಿ ಕೆಂಪು ದಾರ ಇದ್ದ ಪುಟ ತೆರೆದಳು.

ಮರುಭೂಮಿಯಲ್ಲಿ ಹಸಿದ ಜನರ ಕಥೆ. ದಿನಾ ಬೆಳಿಗ್ಗೆ ನೆಲದ ಮೇಲೆ ಇಬ್ಬನಿಯ ಜೊತೆ ಆಹಾರ ಬಿದ್ದಿರುತ್ತಿತ್ತು. ಅವತ್ತಿಗೆ ಬೇಕಾದಷ್ಟು ಮಾತ್ರ ಕೂಡಿಸಿಕೊಳ್ಳಬೇಕು ಎಂದು ಅಪ್ಪಣೆ. ಗುಬ್ಬಿಗೆ ಈ ಕಥೆ ಹೊಸದಲ್ಲ. ಕೇಳಿದಾಗಲೆಲ್ಲ ಅವಳಿಗೆ ಅಪ್ಪಣೆ ಕೊಟ್ಟ ಅವರ ಮುಂದಾಳು ಮೋಶೆಯ ಮೇಲೇ ಸ್ವಲ್ಪ ಕೋಪ ಬರುತ್ತಿತ್ತು. ಮನೆ ನಡೆಸುವ ಹೆಂಗಸು ನಾಳೆಗೆ ಎಂದು ಒಂದು ಮುಷ್ಟಿ ಎತ್ತಿಟ್ಟರೆ ಅದೇನು ಮಹಾಪರಾಧ? ಬೆರಳಿಟ್ಟು ಗಟ್ಟಿಯಾಗಿ, ತಡವರಿಸುತ್ತಾ ಓದಿದಳು. ಎತ್ತಿಟ್ಟವರ ಪಾತ್ರೆಯಲ್ಲಿ ಬೆಳಗಾಗುವಷ್ಟರಲ್ಲಿ ಹುಳ ಬಿದ್ದು ನಾರಿತು ಅನ್ನುವಲ್ಲಿಗೆ ಬಂದಾಗ ಅವಳ ಕಣ್ಣು ತಾನಾಗಿ ಮೆಷಿನ್ನಿನ ಮೇಲಿನ ಡಬ್ಬಿಯ ಕಡೆ ಹೋಯಿತು.

ಓದು ನಿಂತಿತು. ಎದ್ದು ಹೋಗಿ ಡಬ್ಬಿ ತಂದು ಅವನೆದುರೇ ಸುರಿದಳು. ಅವನು ಬೆಚ್ಚಿ ಹಿಂದೆ ಸರಿದ. ಮತ್ತೆ ಪರೀಕ್ಷೆ ಅಂದುಕೊಂಡಿರಬೇಕು, ಪಾಪ. ಅವಳು ಚೀಟಿಗಳನ್ನು ಒಂದೊಂದಾಗಿ ಹೆಕ್ಕಿ, ಮುದುರಿ, ಕಸದ ಬುಟ್ಟಿಗೆ ಹಾಕಿದಳು. ಗುಂಡಿಗಳನ್ನು ಮಾತ್ರ ವಾಪಸು ಡಬ್ಬಿಗೆ ತುಂಬಿದಳು.

“ತಪ್ಪಾಯ್ತು ರೀ,” ಎಂದಳು. “ಇನ್ನು ಕೇಳಲ್ಲ.”

ಆಮೇಲೆ ಕಣ್ಣು ಮುಚ್ಚಿದಳು. ಮೂವತ್ತು ವರ್ಷದಲ್ಲಿ ಅವಳು ಬಾಯಿಬಿಟ್ಟು ದೇವರನ್ನು ಏನನ್ನೂ ಕೇಳಿದ್ದಿಲ್ಲ. ಕೇಳುವವನು ಪಕ್ಕದಲ್ಲೇ ಇದ್ದನಲ್ಲ. “ದೇವರೇ, ಇವರ ಹಾಗೆ ಮಾತಾಡೋಕೆ ನಂಗೆ ಬರಲ್ಲ. ಇವತ್ತಿಗೆ ಏನು ಬೇಕೋ ಅಷ್ಟು ಕೊಡು. ನಾಳೆದಕ್ಕೆ ನಾಳೆ ಬಂದು ಕೇಳ್ತೀನಿ.” ಅಷ್ಟು ಹೇಳಿ ಒಂದು ಆಮೆನ್ ಸೇರಿಸಿದಳು. ಮೇಜಿನ ಮೇಲೆ ಅವನ ಎಡಗೈ ಬಂದು ಅವಳ ಕೈಯನ್ನು ಮುಚ್ಚಿತು. ಆ ದಿನವೂ ಮಾತು ಬರಲಿಲ್ಲ. ಆದರೆ ಅವನು ಟೀ ಕುಡಿದ, ಇನ್ನರ್ಧ ಲೋಟ ಬೇಕೆಂದು ಲೋಟ ಮುಂದಕ್ಕೆ ತಳ್ಳಿದ.

ನಾಲ್ಕನೇ ಬೆಳಿಗ್ಗೆ ‘ಚಪ್ಪಲಿ’ ಬಂತು. ಗುಬ್ಬಿ ಚಪ್ಪಲಿ ತೊಡಿಸಿ ಅವನನ್ನು ಬೀದಿಯ ತಿರುವಿನವರೆಗೆ ನಡೆಸಿಕೊಂಡು ಹೋದಳು. ಅಲ್ಲಿಂದ ಶುರುವಾಯಿತು ನೋಡಿ. ಬಂದ ಮಾತೇ ಆ ದಿನದ ಕೆಲಸ. ‘ಕಿಟಕಿ’ ಎಂದ ದಿನ ಕಿಟಕಿ ತೊಳೆದರು. ‘ಏಣಿ’ ಮತ್ತೆ ಬಂದಾಗ ಎದುರುಮನೆಯ ಪೇಂಟರಿಂದ ಏಣಿ ಕೇಳಿ ತಂದು ಸೂರಿನ ಜೇಡರಬಲೆ ತೆಗೆದಳು. ಅವನು ಕೆಳಗೆ ಏಣಿ ಹಿಡಿದು, ಬಾಗಿಲಲ್ಲಿ ನೇತಾಡುವವರನ್ನು ಗದರುತ್ತಿದ್ದ ಅದೇ ಗತ್ತಿನಲ್ಲಿ ಕಣ್ಣು ಬಿಡುತ್ತಿದ್ದ. ಕೆಲವು ದಿನ ಏನೂ ಬರುತ್ತಿರಲಿಲ್ಲ. ಆ ದಿನ ಕೈಹಿಡಿದು ಕೂರುವುದೇ ಕೆಲಸ. ಹೆಸರಿನ ಆಸೆ ಸತ್ತಿತ್ತೆಂದು ಯಾರಾದರೂ ಹೇಳಿದರೆ ನಂಬಬೇಡಿ. ಪ್ರತಿ ಬೆಳಿಗ್ಗೆ ಅವನ ತುಟಿ ಅಲುಗಿದರೆ ಅವಳ ಎದೆ ಡವಡವ ಅನ್ನುತ್ತಿತ್ತು. ಕೇಳುವುದಿಲ್ಲವೆಂದು ಮಾತು ಕೊಟ್ಟಿದ್ದಳು, ಕೇಳಲಿಲ್ಲ.

ಏಳೆಂಟು ತಿಂಗಳು ಕಳೆದಿರಬೇಕು. ಮದುವೆಯಾಗಿ ಹೋಗಿದ್ದ ಮಗಳು ಬೆಳಿಗ್ಗೆಯೇ ಬಂದಿದ್ದಳು, ಹೊಸ ಲಂಗದ ಅಂಚು ಮಡಿಸಿಕೊಡು ಎಂದು. ಅವಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಗುಬ್ಬಿ ಮಂಡಿಯೂರಿ, ಬಾಯಿತುಂಬ ಗುಂಡುಪಿನ್ನು ಕಚ್ಚಿಕೊಂಡು ಅಂಚು ಹಿಡಿಯುತ್ತಿದ್ದಳು. ಕಂಡಕ್ಟರ್ ಮೇಜಿನ ಹತ್ತಿರ ಟೀ ಕುಡಿಯುತ್ತಾ ಅವಳ ಬೆನ್ನನ್ನೇ ನೋಡುತ್ತಿದ್ದ.

“ಗುಬ್ಬಿ,” ಅಂದ.

ಹಳೆಯ ಗಂಟಲಲ್ಲ. ಮೆತ್ತಗೆ, ಪಕ್ಕದ ಸೀಟಿನವರಿಗೆ ಮಾತ್ರ ಕೇಳುವಷ್ಟು.

ಮಗಳು ಸ್ಟೂಲಿನಿಂದ ಹಾರಿದಳು. “ಅಮ್ಮ, ಅಪ್ಪ ಕರೆದ್ರು ನಿನ್ನನ್ನ. ಅಪ್ಪ, ಇನ್ನೊಂದ್ಸಲ ಹೇಳಿ. ಅಮ್ಮ, ಚೀಟಿ ಎಲ್ಲಿ, ಪೆನ್ನು ಎಲ್ಲಿಟ್ಟಿದೀಯ?”

ಓಗೊಡಲು ಗುಬ್ಬಿಯ ಬಾಯಲ್ಲಿ ಜಾಗವಿರಲಿಲ್ಲ. ಪಿನ್ನುಗಳನ್ನು ಒಂದೊಂದೇ ತೆಗೆದು ಪಿನ್ನು ಚುಚ್ಚಿಡುವ ಮೆತ್ತೆಗೆ ಸಿಕ್ಕಿಸಿದಳು. ಎದ್ದು ಹೋಗಿ ಅವನ ಮುಂದೆ ನಿಂತಳು.

“ಓ,” ಎಂದಳು. “ಇಲ್ಲೇ ಇದೀನಿ.” ಆಮೇಲೆ ಮಗಳ ಕಡೆ ತಿರುಗಿದಳು. “ಬರಿಬೇಡ ಕಣೇ. ಕೇಳಿಸ್ಕೊಂಡೆ.”

ಆ ದಿನ ಸಂಜೆಯತನಕ ಅವನು ಕರೆದ, ಅವಳು ಓಗೊಟ್ಟಳು. ಕೆಲಸವಿರಲಿ, ಇಲ್ಲದಿರಲಿ. ಎಷ್ಟು ಸಲವೋ ಅವಳು ಎಣಿಸಲಿಲ್ಲ.

ಮರುದಿನ ಬೆಳಿಗ್ಗೆ ಮೇಜಿನ ಮುಂದೆ ಕೂತು ಎಂದಿನಂತೆ ಆ ದಿನದ್ದನ್ನು ದೇವರಲ್ಲಿ ಕೇಳಿದಳು, ಆಮೆನ್ ಅಂದಳು, ಕಣ್ಣು ತೆರೆದಳು. ಅವನು ಅವಳನ್ನು ಬಹಳ ಹೊತ್ತು ನೋಡಿದ. ತುಟಿ ಅಲುಗಿತು.

“ಬಕೆಟ್.”

ಗುಬ್ಬಿಗೆ ಎದೆ ಚುರುಕ್ಕೆಂದಿತು, ಸುಳ್ಳೇಕೆ ಹೇಳಲಿ. ಟೀ ಲೋಟ ಕೆಳಗಿಟ್ಟಳು. ಆಮೇಲೆ “ಓ” ಎಂದು ಎದ್ದು, ಬಚ್ಚಲಿಗೆ ಹೋಗಿ ಬಕೆಟ್ ತಂದಳು.