ಅಕ್ಕನ ಸೀತಾಫಲದ ಎಲೆ, ಗಾಜಿನ ತಟ್ಟೆ

ಪ್ರಯೋಗಾಲಯದವರು ನಮಗೆ ಅರ್ಧ ಸತ್ಯವನ್ನು ಹೇಳಿದರು. ಉಳಿದರ್ಧ ತಿಳಿಯುವಷ್ಟರಲ್ಲಿ ನನ್ನ ಅಕ್ಕ ಗಂಗವ್ವ ತೀರಿಹೋಗಿದ್ದಳು.

ಮೇಲವಂಕಿಯ ಮನೆಯಲ್ಲಿ ಜಳಕ ಮಾಡುವಾಗ ಅಕ್ಕನ ಎಡಮೊಲೆಯಲ್ಲಿ ಗಂಟು ಕೈಗೆ ಸಿಕ್ಕಿತು. ಬೆಳಗಾವಿಯಲ್ಲಿ ಬಯಾಪ್ಸಿ. ಕ್ಯಾನ್ಸರ್. ಮೂರು ವಾರಕ್ಕೊಂದರಂತೆ ಆರು ಕೀಮೋ ಎಂದರು. ನಿವೃತ್ತ ಶಿಕ್ಷಕಿಯಾದ ನಾನು ಮೂಡಲಗಿಯ ಮನೆಗೆ ಕೀಲಿ ಹಾಕಿ ಅವಳ ಬಳಿ ಹೋಗಿ ನಿಂತೆ. ಕೂದಲು ಉದುರಿತು. ಬಾಯೆಲ್ಲ ಹುಣ್ಣಾಯಿತು. ಆದರೂ ಅಕ್ಕ, "ನಡಿ, ಮುಗಿಸೇ ಬರೂಣು" ಎನ್ನುತ್ತಿದ್ದಳು.

ಅಕ್ಕ ಊರಿಗೆಲ್ಲ ಗಿಡದ ಔಷಧ ಕೊಡುವವಳು. ಕುರುವಾದವರಿಗೆ ಹಿತ್ತಲಿನ ಸೀತಾಫಲದ ಎಲೆ ಅರೆದು ಕಟ್ಟುತ್ತಿದ್ದಳು. ಕಾಯಿಲೆಗೆ ಮುಂಚಿನ ವರ್ಷ, ಹುಕ್ಕೇರಿ ಕಡೆಯ ಸಂಶೋಧಕರೊಬ್ಬರು ಆ ಎಲೆಗಳನ್ನು ಪರೀಕ್ಷೆಗೆಂದು ಚೀಲ ತುಂಬಿ ಒಯ್ದಿದ್ದರು. ಅವರು ಬರುವ ಹಿಂದಿನ ಸಂಜೆಯೇ ಅಕ್ಕ ಗಿಡಕ್ಕೆ ಅರಿಷಿಣ-ಕುಂಕುಮ ಹಚ್ಚಿ, "ನಾಳೆ ಕೀಳತೀವಿ, ಸಿಟ್ಟಾಗಬ್ಯಾಡವ್ವಾ" ಎಂದು ಬೇಡಿಕೊಂಡಿದ್ದಳು. ಅವರು ಒಳಗೆ ಬಂದು ಕೂರಲೂ ಇಲ್ಲ. ಅದನ್ನು ನಾನು ಮರೆತಿಲ್ಲ.

ಎರಡನೆಯ ಕೀಮೋ ಆದ ಏಳನೆಯ ದಿನ ಅವರ ಫೋನ್ ಬಂತು.

"ಅವ್ವಾರ, ನಿಮ್ಮ ಎಲಿ ಸಾರ ಕ್ಯಾನ್ಸರ್ ಸೆಲ್ ಕೊಂದೈತ್ರಿ! ಭಾಳ ಛಲೋ ರಿಸಲ್ಟ್!"

"ನನಗೂ ಅದಽ ಬ್ಯಾನಿ ಆಗೇತಿಪಾ."

"ಹೌದೇನ್ರಿ? ಹಂಗಾರ ನಿಮ್ಮ ಗಿಡಾನ ನಿಮ್ಮನ್ನ ಕಾಯ್ತೈತಿ ಬಿಡ್ರಿ."

ಅಕ್ಕ ನಕ್ಕಳು. "ನೋಡ ತಂಗಿ, ಊರಿಗೆಲ್ಲಾ ಕೊಟ್ಟಾಕಿ ನನ್ನ ಪಾಲಿಂದು ಮರತ ಕುಂತಿದ್ನಿ!"

ನಮ್ಮಲ್ಲಿ ಗಿಡದ ಔಷಧಕ್ಕೆ ಪಥ್ಯವುಂಟು. ಅದು ಹೊಟ್ಟೆಯಲ್ಲಿರುವಾಗ ಬೇರೆ ಔಷಧ ಮುಟ್ಟಬಾರದು. ಮುಟ್ಟಿದರೆ ಗಿಡ ಮುನಿಯುತ್ತದೆ. ಅಕ್ಕ ಮೂರನೆಯ ಕೀಮೋಗೆ ಹೋಗಲಿಲ್ಲ. ನಾಲ್ಕನೆಯದಕ್ಕೂ ಇಲ್ಲ. ಮೂವತ್ತು ವರ್ಷ ವಿಜ್ಞಾನ ಕಲಿಸಿದ ನಾನೇ ಎಲೆಯ ಕಷಾಯ ಕುದಿಸಿದೆ, ಉಪ್ಪಿಲ್ಲದ ಅಡುಗೆ ಮಾಡಿದೆ, ಆಸ್ಪತ್ರೆಯಿಂದ ಬಂದ ಫೋನ್ ಎತ್ತದೆ ಬಿಟ್ಟೆ. ಈ ತಪ್ಪು ನನ್ನದು; ಇದನ್ನು ಯಾರ ಮೇಲೂ ಹೊರಿಸುವುದಿಲ್ಲ.

ಅಕ್ಕನ ಕಣ್ಣುಗಳು ಹಳದಿಯಾದವು.

ಸ್ಕ್ಯಾನ್‌ನಲ್ಲಿ ಕಾಯಿಲೆ ಲಿವರ್‌ಗೆ ಹಬ್ಬಿತ್ತು. ಡಾಕ್ಟರ್ ಬೈಯಲಿಲ್ಲ. "ಕೀಮೋ ಬಿಡೂಕಿಂತ ಮೊದಲ ನನ್ನ ಒಂದ ಮಾತ ಕೇಳಬೇಕಿತ್ತಲ್ರಿ, ಟೀಚರ್" ಎಂದರು, ಅಷ್ಟೇ. ಕೊನೆಯ ವಾರಗಳಲ್ಲಿ ಅಕ್ಕ ನರಳದೆ ಮಲಗಿದ್ದು ಅವರು ಕೊಟ್ಟ ಮಾರ್ಫಿನ್‌ನಿಂದ. ಆ ಉಪಕಾರವನ್ನೂ ನಾನು ಮರೆಯುವುದಿಲ್ಲ.

ಅಕ್ಕನ ದಿನಕರ್ಮ ಮುಗಿದ ಮೇಲೆ ಪ್ರಯೋಗಾಲಯಕ್ಕೆ ಹೋದೆ. ಸಂಶೋಧಕರು ಕುರ್ಚಿ ಕೊಟ್ಟರು.

"ಅದು ಲ್ಯಾಬಿನ ಗಾಜಿನ ತಟ್ಟ್ಯಾಗಿನ ಮಾತು, ಮನಶ್ಯಾರ ಮೈಯಾಗಿಂದಲ್ರಿ. ಆಮ್ಯಾಲೆ ಇನ್ನೊಂದ ತಟ್ಟ್ಯಾಗ ಆರೋಗ್ಯದ ಸೆಲ್‌ಗೂ ಹಾಕಿ ನೋಡಿದ್ವಿ. ಅವೂ ಸತ್ತುವು, ಅಂದ್ರ ಅದು ಔಷಧಲ್ರಿ, ವಿಷ."

"ಯಾವಾಗ?"

"ನಿಮಗ ಫೋನ್ ಮಾಡಿ ಎಂಟ ದಿನಕ್ಕ."

ಮೂರನೆಯ ಕೀಮೋಗೆ ಅಂದಿನ್ನೂ ಆರು ದಿನ ಬಾಕಿಯಿತ್ತು.

ಕೀಮೋ ಬಿಡದಿದ್ದರೆ ಅಕ್ಕ ಉಳಿಯುತ್ತಿದ್ದಳೆಂದು ಡಾಕ್ಟರ್ ಹೇಳಿಲ್ಲ, ನಾನೂ ಹೇಳುವುದಿಲ್ಲ. ಇನ್ನೊಂದು ವರ್ಷ ಸಿಗುತ್ತಿತ್ತೇನೋ. ನನಗೆ ಅಷ್ಟು ಸಾಕಿತ್ತು. ಮೂಡಲಗಿಯಲ್ಲಿ ನಾನು ಎಲ್ಲರಿಗೂ ಟೀಚರ್, ತಂಗಿಯಾಗಿದ್ದುದು ಅವಳೊಬ್ಬಳಿಗೆ. ಆ ಕರೆಗಾಗಿ ಕಿವಿ ಇಂದಿಗೂ ಕಾಯುತ್ತದೆ.

ಸಂಶೋಧಕರೇ, ಆರೋಗ್ಯವಂತ ಕೋಶಗಳು ಸತ್ತುದನ್ನು ಕಂಡ ಆ ದಿನ, ಅದೇ ಎಲೆಯನ್ನು ನಂಬಿ ಕುಳಿತ ನನ್ನ ಅಕ್ಕ ನಿಮಗೆ ನೆನಪಾಗಲಿಲ್ಲವೇ?