ಹೆಸರು ಹೇಳಬಾರದ ಗೆಡ್ಡೆ

1974ರಲ್ಲಿ ನಾನು ಹಿರಿಯೂರು ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯಾಧಿಕಾರಿಯಾಗಿದ್ದೆ. ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು, ತಿಳಿವಳಿಕೆಗಿಂತ ಸಿಟ್ಟೇ ಒಂದು ಕೈ ಹೆಚ್ಚು. ನಾಟಿ ಮದ್ದಿನ ವಿಷಯ ಬಂದರಂತೂ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಗಾಯಕ್ಕೆ ಸೊಪ್ಪು ಅರೆದು ಹಚ್ಚಿಕೊಂಡು ಬಂದವರನ್ನು ಎಲ್ಲರೆದುರಿಗೇ ಬೈಯುತ್ತಿದ್ದೆ.

ಆ ಮಳೆಗಾಲದ ಒಂದು ಮಧ್ಯಾಹ್ನ ಯಲ್ಲದಕೆರೆ ಕಡೆಯ ಕುರಿಗಾರರ ಹಟ್ಟಿಯಿಂದ ಹನುಮಕ್ಕ ಎಂಬ ಬಾಣಂತಿಯನ್ನು ಎತ್ತಿನ ಗಾಡಿಯಲ್ಲಿ ಕರೆತಂದರು. ಬೆಳಗಿನ ಜಾವ ಹೆರಿಗೆಯಾಗಿತ್ತು. ಹೆಣ್ಣುಮಗು ಚೆನ್ನಾಗಿತ್ತು, ತಾಯಿಗೆ ಮಾತ್ರ ವಾಂತಿಭೇದಿ ನಿಂತಿರಲಿಲ್ಲ. ಜೊತೆಗೆ ಗಂಡ ಕರಿಯಪ್ಪ ಮತ್ತು ಅತ್ತೆ ಈರಮ್ಮ ಬಂದಿದ್ದರು. ಹೆರಿಗೆ ಮಾಡಿಸಿದವಳೂ ಈರಮ್ಮನೇ.

"ಏನು ಕುಡಿಸಿದ್ದೀಯ? ಮದ್ದಿನ ಹೆಸರು ಹೇಳು" ಎಂದು ಗದರಿದೆ.

"ಏನೂ ಇಲ್ಲ ಸ್ವಾಮಿ. ಬಿಸ್ನೀರು ಕುಡ್ಸೀನಿ, ಅಷ್ಟೇ."

ನಂಬಿದೆ. ಸುತ್ತಲ ಹಳ್ಳಿಗಳಲ್ಲಿ ವಾಂತಿಭೇದಿ ಇದ್ದ ದಿನಗಳವು, ಇದೂ ಅದೇ ಎಂದುಕೊಂಡು ಸಲೈನ್ ಹಾಕಿಸಿದೆ. ಮರುದಿನ ಹನುಮಕ್ಕ ಎದ್ದು ಕುಳಿತು ಗಂಜಿ ಕುಡಿದಳು. "ಮನೆಗೆ ಹೋಗಾಣ" ಎಂದು ಗಂಡನಿಗೆ ಹೇಳಿದಳು. ನಾನೇ ಖುಷಿಯಿಂದ ಕಳಿಸಿಕೊಟ್ಟೆ.

ಮೂರನೆಯ ದಿನ ಸಂಜೆ ಅದೇ ಗಾಡಿ ಮತ್ತೆ ಬಂತು. ಮೂತ್ರ ನಿಂತುಹೋಗಿತ್ತು, ಒಸಡಿನಲ್ಲಿ ರಕ್ತ, ಏದುಸಿರು. ಇದು ಬರೀ ವಾಂತಿಭೇದಿಯಲ್ಲ ಎಂದು ಆಗ ಹೊಳೆಯಿತು. ಚಿತ್ರದುರ್ಗಕ್ಕೆ ಸಾಗಿಸಲು ಜೀಪು ಹತ್ತಿಸುವಷ್ಟರಲ್ಲಿ ತೀರಿಕೊಂಡಳು.

ಕರಿಯಪ್ಪ ಕೂಸನ್ನು ಎತ್ತಿಕೊಂಡು ಜಗುಲಿಯ ಮೇಲೆ ಕುಳಿತುಬಿಟ್ಟ. ನನಗೆ ಗದರಲು ಶಕ್ತಿ ಇರಲಿಲ್ಲ. "ಇನ್ನಾದರೂ ನಿಜ ಹೇಳವ್ವ" ಎಂದೆ. ಈರಮ್ಮ ಸೆರಗಿನ ಗಂಟು ಬಿಚ್ಚಿ ಒಂದು ಗೆಡ್ಡೆಯ ತುಂಡನ್ನು ಮುಂದಿಟ್ಟಳು.

ಮಳೆಗಾಲದಲ್ಲಿ ಬೇಲಿಗಳ ಮೇಲೆ ಕೆಂಪು ಹಳದಿ ಹೂ ಬಿಡುವ ಗೌರಿ ಹೂವಿನ ಬಳ್ಳಿಯ ಗೆಡ್ಡೆ ಅದು. ಹೆರಿಗೆ ಕಷ್ಟವಾದಾಗ ಅದನ್ನು ತೇಯ್ದು ಅಂಗಾಲಿಗೆ ಹಚ್ಚಿ, ಮಗು ಹುಟ್ಟಿದ ಕೂಡಲೇ ತೊಳೆದುಬಿಡುವುದು ಹಳೆಯ ರೂಢಿ. ಹೊಟ್ಟೆಗೆ ಹೋದರೆ ಕಡುವಿಷ. ಅದರಲ್ಲಿರುವ ಕಾಲ್ಚಿಸಿನ್ ಮೊದಲು ವಾಂತಿಭೇದಿ ತರುತ್ತದೆ, ಒಂದು ದಿನ ಗುಣವಾದಂತೆ ತೋರಿಸುತ್ತದೆ, ಆಮೇಲೆ ರಕ್ತ, ಮೂತ್ರಪಿಂಡ, ಹೃದಯ ಎಲ್ಲವನ್ನೂ ಕೆಡಿಸುತ್ತದೆ. ಅದಕ್ಕೆ ಪ್ರತಿವಿಷವೇ ಇರಲಿಲ್ಲ.

"ಕೂಸು ಬಂದ್ಮ್ಯಾಲೆ ಮಾಸು ಬೀಳ್ಲಿಲ್ಲ ಸ್ವಾಮಿ. ಕುರಿಗೆ ಹಿಂಗಾದ್ರೆ ಇದನ್ನ ತೇಯ್ದು ಕುಡಿಸ್ತೀವಿ, ಬೀಳ್ತೈತೆ. ಅದಕ್ಕೇ ಕುಡಿಸ್ದೆ, ಮಾಸೂ ಬಿತ್ತು."

"ಅವತ್ತೇ ಯಾಕೆ ಹೇಳಲಿಲ್ಲ?"

"ನೀವು ಗದರ್ಸಿ ಹೆಸ್ರು ಕೇಳಿದ್ರಿ, ಹೆದ್ರಿ ಬಿಸ್ನೀರು ಅಂದೆ. ಮದ್ದಿನ ಹೆಸ್ರು ಬಾಯಾಗೆ ಬಂದ್ರೆ ಅದು ಕೆಲ್ಸ ಮಾಡಂಗಿಲ್ಲ. ತೋರ್ಸು ಅಂದಿದ್ರೆ ತೋರಿಸ್ತಿದ್ದೆ. ಅವತ್ತೂ ನನ್ನ ಸೆರಗಿನಾಗೇ ಇತ್ತು."

ಆ ಮಧ್ಯಾಹ್ನವೇ ಗೊತ್ತಾಗಿದ್ದರೆ ಹೊಟ್ಟೆ ತೊಳೆಸಿ ಕೂಡಲೇ ದುರ್ಗಕ್ಕೆ ಕಳಿಸುತ್ತಿದ್ದೆ. ಬದುಕುತ್ತಿದ್ದಳೋ ಇಲ್ಲವೋ ಹೇಳಲಾರೆ, ಮನೆಗಂತೂ ಕಳಿಸುತ್ತಿರಲಿಲ್ಲ. ಆ ಸಂಕಟ ಈಗಲೂ ಹೋಗಿಲ್ಲ.

ಮುಂದೆ ಹೊಳಲ್ಕೆರೆ, ಹೊಸದುರ್ಗಗಳಲ್ಲಿ ಕೆಲಸ ಮಾಡಿದೆ. ಎಲ್ಲೇ ಇದ್ದರೂ ರೋಗಿಯ ಮನೆಯವರಿಗೆ ಹೇಳುತ್ತಿದ್ದುದು ಒಂದೇ: "ಹೆಸರು ಬೇಡ, ನಾನು ಬೈಯೋದೂ ಇಲ್ಲ. ಏನು ಕೊಟ್ಟಿದ್ದೀರೋ ಅದನ್ನು ತಂದು ಮೇಜಿನ ಮೇಲಿಡಿ." ಜನ ಬೇರು, ಕಾಯಿ, ತೊಗಟೆ ತಂದಿಟ್ಟರು, ಕೆಲವರು ಉಳಿದರು. ಹೆದರಿದವರನ್ನು ಹೇಗೆ ಕೇಳಬೇಕು ಎನ್ನುವಷ್ಟನ್ನು ಕಲಿಯಲು ನನಗೆ ಒಬ್ಬ ಬಾಣಂತಿಯ ಜೀವ ಬೇಕಾಯಿತು.