ಖಾದರ್ ಸಾಬರು ಕೊಟ್ಟ ಚರ್ಮ

ಪಟ್ಟಿ ಬಿಚ್ಚುವ ಮೊದಲು ಖಾದರ್ ಸಾಬರು ಅದನ್ನು ಮೂಸುತ್ತಿದ್ದರು. ಗಾಯದ ಹತ್ತಿರ ಮೂಗು ತಂದು, ಕಣ್ಣು ಮುಚ್ಚಿ, ಒಂದೇ ಸಲ ಉಸಿರೆಳೆದುಕೊಂಡು, "ಇವತ್ತು ಪರವಾಗಿಲ್ಲ ಸಾರ್" ಎನ್ನುತ್ತಿದ್ದರು. ಕೆಲವು ದಿನ ನನ್ನ ಮುಖವನ್ನಷ್ಟೇ ನೋಡುತ್ತಿದ್ದರು. ಅಂಥ ದಿನ ಒಳಗೆ ಹಸಿರು ಕೀವು ತುಂಬಿರುತ್ತಿತ್ತು. ಒಂದು ಸಲವೂ ಅವರ ಮೂಗು ಸುಳ್ಳು ಹೇಳಿದ್ದು ನನಗೆ ನೆನಪಿಲ್ಲ.

ಎಂಬತ್ತರ ದಶಕದ ಆರಂಭದಲ್ಲಿ ತಿಪಟೂರು ಸೀಮೆಯ ಒಂದು ಚಿಕ್ಕ ಆಸ್ಪತ್ರೆಗೆ ನಾನು ಶಸ್ತ್ರವೈದ್ಯನಾಗಿ ಹೋದಾಗ ಅವರು ಅಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವ ಡ್ರೆಸ್ಸರ್ ಆಗಿ ಇಪ್ಪತ್ತು ವರ್ಷ ದಾಟಿತ್ತು. ತುರುವೇಕೆರೆಯ ದರ್ಜಿಗಳ ಮನೆತನ. ತೆಳ್ಳನೆಯ ಮೈ, ಬಿಳಿ ಗಡ್ಡ, ಬುಡದವರೆಗೆ ಕತ್ತರಿಸಿದ ಉಗುರು. ಸುಟ್ಟ ಗಾಯಕ್ಕೆ ಜಾಳುಜಾಳಾದ ಗಾಜ್ ಬಟ್ಟೆ ಅಂಟಿಕೊಳ್ಳಬಾರದೆಂದು ಎಳೆಯ ಬಾಳೆ ಎಲೆಯನ್ನು ಕುದಿಸಿ, ಆರಿಸಿ, ಅದನ್ನು ಮೊದಲು ಹಾಸುತ್ತಿದ್ದರು. ಹೊಸದರಲ್ಲಿ ನಾನು ನಕ್ಕಿದ್ದೆ. ಒಂದು ದಿನ ಅವಸರದಲ್ಲಿ ನಾನೇ ಒಬ್ಬ ಮುದುಕನ ಪಟ್ಟಿ ಎಳೆದೆ. ಅವನು ಕಿರುಚಿದ, ಪಟ್ಟಿಯ ಜೊತೆಗೆ ಆಗಷ್ಟೇ ಮೂಡಿದ್ದ ಚರ್ಮವೂ ಬಂತು. ಖಾದರ್ ಸಾಬರು ಬಾಳೆ ಎಲೆ ಹಾಸಿ ಹೊಸ ಪಟ್ಟಿ ಕಟ್ಟಿದರು. ಹೊರಗೆ ಬಂದ ಮೇಲೆ, "ನೀವು ಓದಿದೋರು ಸಾರ್. ಆದ್ರೆ ಪಟ್ಟಿನ ಕೀಳಬಾರ್ದು. ನೀರು ಬುಟ್ಕೊಂಡು, ಅದಾಗೇ ಬುಡೋಗಂಟ ಕಾಯ್ಬೇಕು" ಎಂದರು. ಆ ಪಾಠವನ್ನು ನನಗೆ ಯಾವ ಕಾಲೇಜೂ ಕಲಿಸಿರಲಿಲ್ಲ.

ನನ್ನ ಸಹಪಾಠಿಯೊಬ್ಬ ಆಗಾಗ ಹಳೆಯ ವೈದ್ಯಕೀಯ ಪತ್ರಿಕೆಗಳನ್ನು ಕಳಿಸುತ್ತಿದ್ದ. ಅವುಗಳೊಂದರಲ್ಲಿ ಲೇಖನವೊಂದಿತ್ತು. ಪರದೇಶದಲ್ಲಿ ಹಸುವಿನ ತೊಗಲಿನ ಸಾರದಿಂದ ತೆಳ್ಳನೆಯ ಜಾಲರಿ ಮಾಡಿ, ರೋಗಿಯದೇ ಮೈಯಿಂದ ತೆಗೆದ ಜೀವಕೋಶಗಳನ್ನು ಅದರೊಳಗೆ ಬಿತ್ತುವ ಪ್ರಯತ್ನವದು. ಅವು ಜಾಲರಿ ಹಿಡಿದು ಬೆಳೆದು ಚರ್ಮವಾಗುತ್ತವೆ. ಸ್ವಂತದ್ದಾದ್ದರಿಂದ ಮೈ ಅದನ್ನು ಹೊರಗೆ ದಬ್ಬುವುದಿಲ್ಲ. ಖಾದರ್ ಸಾಬರಿಗೆ ಓದಿ ಹೇಳಿದೆ. ಅವರು ಕೈಯಲ್ಲಿದ್ದ ಗಾಜ್ ಬಟ್ಟೆಯನ್ನು ಬೆಳಕಿಗೆ ಹಿಡಿದು ಅದರ ನೇಯ್ಗೆಯ ಕಣ್ಣುಗಳನ್ನೇ ನೋಡುತ್ತಾ ನಿಂತರು.

"ಒಂದ್ ಕಾಸಗಲ ತೊಗಲಿದ್ರೆ ಸಾಕಾ ಸಾರ್, ಮೈ ತುಂಬಾ ಮಾಡೋಕೆ?"

"ಹಾಗಂತ ಬರೆದಿದ್ದಾರೆ. ಇನ್ನೂ ಪ್ರಾಣಿಗಳ ಮೇಲೆ ಪರೀಕ್ಷೆ ನಡೀತಿದೆ."

"ಬೇಗ ಬರ್ಲಿ. ನಮ್ಮೋರು ಕಾಯಲ್ಲ ಸಾರ್, ಸತ್ತೋಗ್ತಾರೆ."

ಅಂದಿನಿಂದ ಅಂಚೆಯವನು ಬಂದಾಗಲೆಲ್ಲ, "ಆ ಜಾಲರಿ ಸುದ್ದಿ ಏನಾರ ಬಂತಾ?" ಎಂದು ಕೇಳುವುದು ಅವರಿಗೆ ರೂಢಿಯಾಯಿತು.

ಆ ಬೇಸಿಗೆಯಲ್ಲಿ ಕಂದಿಕೆರೆ ಕಡೆಯಿಂದ ಪುಟ್ಟಲಕ್ಷ್ಮಿಯನ್ನು ಕರೆತಂದರು. ಇಪ್ಪತ್ತು ವರ್ಷದ ಹುಡುಗಿ. ತೆಂಗಿನ ಚಿಪ್ಪು ಸುಟ್ಟು ಇದ್ದಿಲು ಮಾಡುವ ಗುಂಡಿಯ ಮೇಲೆ ಮುಚ್ಚಿದ್ದ ತಗಡು ಕುಸಿದು ಒಳಗೆ ಬಿದ್ದಿದ್ದಳು. ಎರಡೂ ಕಾಲು, ಸೊಂಟ, ಬೆನ್ನು ಸುಟ್ಟಿದ್ದವು. ಮುಖಕ್ಕೆ ಏನೂ ಆಗಿರಲಿಲ್ಲ. ಅದನ್ನೇ ನಮಗೆ ನೋಡಲಾಗುತ್ತಿರಲಿಲ್ಲ. ದೊಡ್ಡ ಊರಿನ ಆಸ್ಪತ್ರೆಗೆ ಒಯ್ಯಿರಿ ಎಂದೆ. ದಾರಿಯಲ್ಲೇ ಹೋದರೆ ಏನು ಗತಿ ಎಂದು ತಾಯಿ ಹೊನ್ನಮ್ಮ ಒಪ್ಪಲಿಲ್ಲ.

ಅವಳ ಎದೆ, ತೋಳುಗಳಲ್ಲಿ ಉಳಿದಿದ್ದ ಒಳ್ಳೆಯ ಚರ್ಮವನ್ನು ತೆಳ್ಳಗೆ ಹೆರೆದು ಕಾಲುಗಳಿಗೆ ಹೊದಿಸಿದೆ. ಬೆನ್ನಿಗೆ ಸಾಲಲಿಲ್ಲ. ಹೊನ್ನಮ್ಮ ಸೆರಗು ಸರಿಸಿ, "ನಂದು ತಕ್ಕಳಿ ಸ್ವಾಮಿ" ಎಂದಳು. ಆಕೆಯ ಮೈಯಲ್ಲಿ ರಕ್ತವೇ ಇರಲಿಲ್ಲ. ನಾನು ಬೇಡವೆಂದೆ.

"ನನ್ ತೊಡೆ ಐತಲ್ಲ ಸಾರ್" ಎಂದರು ಖಾದರ್ ಸಾಬರು.

ಬೇರೆಯವರ ಚರ್ಮ ಎರಡು ಮೂರು ವಾರ ನಿಲ್ಲುತ್ತದೆ, ಆಮೇಲೆ ಕಳಚಿಕೊಳ್ಳುತ್ತದೆ. ಅಷ್ಟರೊಳಗೆ ಹುಡುಗಿಯ ಎದೆಯ ಮೇಲೆ ಚರ್ಮ ಮತ್ತೆ ಮೂಡಿದರೆ ಅದನ್ನೇ ಹೆರೆದು ಹೊದಿಸಬಹುದೆಂಬುದು ನನ್ನ ಲೆಕ್ಕಾಚಾರ. ಇದನ್ನು ನಾನು ಅವರಿಗೆ ಬಿಡಿಸಿ ಹೇಳಬೇಕಿತ್ತು. ಮೇಜಿನ ಮೇಲೆ ಮಲಗಿ, "ಆ ಮಗೀನ್ ಮೈಗೆ ಹತ್ತುತ್ತಾ ಸಾರ್?" ಎಂದು ಅವರು ಕೇಳಿದರು. "ಹತ್ತುತ್ತೆ ಸಾಬ್ರೇ" ಎಂದೆ.

ಹತ್ತಿತು. ಐದನೆಯ ದಿನ ಬೆನ್ನು ನಸುಗೆಂಪಾಗಿತ್ತು. ನೋವು ಇಳಿದು ಹುಡುಗಿ ನಿದ್ದೆ ಮಾಡಿದಳು, ಮಜ್ಜಿಗೆ ಕೇಳಿ ಕುಡಿದಳು. ಕುಂಟುತ್ತಾ ಬಂದು ಪಟ್ಟಿ ಕಟ್ಟುತ್ತಿದ್ದ ಖಾದರ್ ಸಾಬರನ್ನು ನೋಡಿ, "ಸಾಬ್ರೇ, ಇನ್ಮ್ಯಾಲೆ ನಾನೂ ನಿಮ್ ಮನೆಯೋಳೇ ಕಣ್ರೀ" ಎಂದಳು.

"ಹಂಗಾರೆ ಹೇಳಿದ್ ಮಾತು ಕೇಳು ಕಣವ್ವ, ಮೊಟ್ಟೆ ತಿನ್ನು" ಎಂದರು ಇವರು. ಹೊನ್ನಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಆ ವಾರ್ಡಿನಲ್ಲಿ ನಗು ಕೇಳಿದ್ದು ಅಪರೂಪ.

ಹದಿನೇಳನೆಯ ದಿನ ಖಾದರ್ ಸಾಬರು ಪಟ್ಟಿಯ ಹತ್ತಿರ ಮೂಗು ತಂದರು. ನನ್ನ ಮುಖ ನೋಡಿದರು. ಬಾಳೆ ಎಲೆ ಎತ್ತಿದಾಗ ಅವರ ಚರ್ಮ ಅಂಚಿನಿಂದ ಕಪ್ಪಾಗಿ ಸುರುಳಿ ಸುತ್ತಿಕೊಂಡಿತ್ತು. ಅಷ್ಟರಲ್ಲಿ ಹುಡುಗಿಯ ಎದೆಯ ಗಾಯಗಳೂ ಕೀವಾಗಿದ್ದವು. ಹೆರೆಯಲು ಒಂದಂಗುಲ ಜಾಗವಿರಲಿಲ್ಲ. ನಾಲ್ಕು ದಿನ ಅವರು ನೀರು ಬಿಟ್ಟುಕೊಂಡು, ಕಾದು, ತಮ್ಮದೇ ಚರ್ಮವನ್ನು ಚೂರು ಚೂರಾಗಿ ಬಿಡಿಸಿದರು. ಐದನೆಯ ದಿನ ಮಧ್ಯಾಹ್ನ ಪುಟ್ಟಲಕ್ಷ್ಮಿ ಹೋದಳು.

ಬಿಡಿಸಿದ ಚೂರುಗಳನ್ನು ಅವರು ಕಸಕ್ಕೆ ಹಾಕಿರಲಿಲ್ಲ. ಬಿಳಿ ಬಟ್ಟೆಯಲ್ಲಿ ಕಟ್ಟಿ ಇಟ್ಟಿದ್ದರು. ಹೆಣ ಗಾಡಿಗೆ ಏರಿಸುವಾಗ ಹೊನ್ನಮ್ಮನ ಹತ್ತಿರ ಹೋಗಿ, "ಅವ್ವಾ, ಇದು ನಂದೇ. ಆದ್ರೂ ಆ ಮಗೀನ್ ಮೈಮ್ಯಾಲೆ ಇತ್ತು. ಜೊತೇಲಿ ಮಣ್ಣಿಗೆ ಇಡ್ತೀಯಾ?" ಎಂದರು. ಆಕೆ ಎರಡೂ ಕೈ ಚಾಚಿ ಅದನ್ನು ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡಳು. ನಾನು ಕಿಟಕಿಯ ಹಿಂದೆ ನಿಂತಿದ್ದೆ. ಹೊರಗೆ ಹೋಗುವ ಧೈರ್ಯ ಬರಲಿಲ್ಲ.

ಮರುವರ್ಷ ನನಗೆ ವರ್ಗವಾಯಿತು. ನಾಲ್ಕು ವರ್ಷ ಕಳೆದು ಆ ದಾರಿಯಲ್ಲಿ ಬಂದವನು ತುರುವೇಕೆರೆಯಲ್ಲಿ ಇಳಿದು ಅವರ ಮನೆ ಹುಡುಕಿದೆ. ನಿವೃತ್ತರಾಗಿದ್ದರು. ಬೆಂಚಿನ ಮೇಲೆ ಕೂತಿದ್ದವರು ಎದ್ದೇಳಲು ಗೋಡೆ ಹಿಡಿದರು. ಬಲಗಾಲು ಮಡಚುತ್ತಿರಲಿಲ್ಲ. ನಾನು ಚರ್ಮ ತೆಗೆದ ಜಾಗ ನನಗೆ ವರ್ಗವಾದ ಮೇಲೆ ಮತ್ತೆ ಒಡೆದು ಕೀವಾಗಿ, ಮೊಣಕಾಲಿನವರೆಗೂ ಗಟ್ಟಿ ಹಗ್ಗದಂತೆ ಬಿಗಿದಿತ್ತು. ನಮಾಜಿಗೂ ಬೆಂಚಿನ ಮೇಲೇ ಕೂರುತ್ತಾರೆಂದು ಅವರ ಹೆಂಡತಿ ಹೇಳಿದರು.

ನನಗೆ ತಡೆಯಲಾಗಲಿಲ್ಲ. "ನಿಮ್ಮ ಚರ್ಮ ಅವಳ ಮೈಮೇಲೆ ಉಳಿಯಲ್ಲ ಅಂತ ನನಗೆ ಆವತ್ತೇ ಗೊತ್ತಿತ್ತು ಸಾಬ್ರೇ. ನಿಮಗೆ ಹೇಳಲಿಲ್ಲ" ಎಂದೆ.

"ನಂಗೂ ಗೊತ್ತಿತ್ತು ಬುಡಿ ಸಾರ್. ಅಷ್ಟ್ ವರ್ಷ ಪಟ್ಟಿ ಬಿಚ್ಚಿದೋನು. ಎರಡು ವಾರ ಮಲ್ಗಿ ನಿದ್ದೆ ಮಾಡಿದ್ಲಲ್ಲ."

"ಕಾಲು ಹೀಗಾದಾಗ ನನಗೊಂದು ಕಾಗದ ಹಾಕಬಾರದಿತ್ತಾ?"

ಅವರು ಮೊಣಕಾಲು ನೀವಿಕೊಂಡರು. "ಹಾಕಿದ್ರೆ ಇನ್ನೊಬ್ರ ಮೈಗೆ ಕತ್ತಿ ಹಾಕೋವಾಗ ನಿಮ್ ಕೈ ನಡುಗೋದು ಸಾರ್. ಸುಟ್ಕೊಂಡ್ ಬರೋರು ನಿಲ್ಲಲ್ವಲ್ಲ" ಎಂದರು.

ಅದಾದ ಎರಡು ವರ್ಷಕ್ಕೆ ಅವರು ತೀರಿಕೊಂಡರೆಂಬ ಕಾಗದ ಬಂತು. ಈಗ ನಾನು ನೋಡುವ ಆಸ್ಪತ್ರೆಗಳಲ್ಲಿ ಕೋಶ ಬಿತ್ತಿದ ಜಾಲರಿ ಸುಟ್ಟ ಚರ್ಮಕ್ಕೂ ಇದೆ, ಸವೆದ ಒಸಡಿಗೂ ಇದೆ. ಮೊದಲ ಸಲ ಅದನ್ನು ಇಕ್ಕುಳದಲ್ಲಿ ಎತ್ತಿ ಹಿಡಿದ ದಿನ ಪಕ್ಕದಲ್ಲಿದ್ದ ನರ್ಸ್, "ಡಾಕ್ಟ್ರೇ, ಕೈ ಯಾಕೆ ನಡುಗ್ತಿದೆ?" ಎಂದು ಕೇಳಿದಳು. ಏನಿಲ್ಲಮ್ಮ ಎಂದು ಹೇಳಿ ಕೆಲಸ ಮುಗಿಸಿದೆ.